ಐದಕ್ಕೆ ಐದು

ಶಾಲೆಗೆ ಬೀಗ ಹಾಕಿಸುವ ಅಧಿಕಾರ ಯಾರದು? ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಈ ಜಗಳ ನಡೆದ ರೀತಿ ನನಗೆ ಈಗಲೂ ಸೋಜಿಗ.

2020ರ ಮಾರ್ಚ್ 17ರಂದು ಗವರ್ನರ್ ಲಾರಾ ಕೆಲ್ಲಿ, ಕೋವಿಡ್ ಕಾರಣಕ್ಕೆ, ಶೈಕ್ಷಣಿಕ ವರ್ಷ ಮುಗಿಯುವ ತನಕ ಶಾಲಾ ಕಟ್ಟಡಗಳನ್ನು ಮುಚ್ಚಿಸಿದರು. ಉಳಿದ ವರ್ಷ ಪೂರ್ತಿ ಹಾಗೆ ಮುಚ್ಚಿದ ಮೊದಲ ರಾಜ್ಯ ಅದು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ದೆಹಲಿಯಿಂದ ನೇಮಕವಾಗಿ ಬಂದವರಲ್ಲ. ಜನ ಓಟು ಹಾಕಿ ಆರಿಸಿದವರು, ಸರ್ಕಾರ ನಡೆಸುವವರೂ ಅವರೇ. ತುರ್ತುಸ್ಥಿತಿ ಘೋಷಿಸಿದರಂತೂ ಅವರ ಆದೇಶಕ್ಕೆ ಕಾನೂನಿನದೇ ಬಲ.

ಕೆಲ್ಲಿ ಡೆಮಾಕ್ರಟ್, ಶಾಸನಸಭೆ ರಿಪಬ್ಲಿಕನ್ನರದ್ದು. ಸುಮ್ಮನಿರುತ್ತಾರೆಯೇ? ಅಧಿಕಾರ ಮೊಟಕುಗೊಳಿಸುವ ಮಸೂದೆ ತಂದರು. ಕೆಲ್ಲಿ ವೀಟೊ ಹಾಕಿದರು. ಕೊನೆಗೆ ಜೂನ್‌ನಲ್ಲಿ ರಾಜಿ: ಇನ್ನು ಮುಂದೆ ಶಾಲೆ ಮುಚ್ಚಿಸಬೇಕಾದರೆ ರಾಜ್ಯ ಶಿಕ್ಷಣ ಮಂಡಳಿಯ ಒಪ್ಪಿಗೆ ಬೇಕು. ಆ ಕಾನೂನಿಗೆ ಸಹಿ ಹಾಕಿದ್ದೂ ಕೆಲ್ಲಿಯೇ.

ಜುಲೈನಲ್ಲಿ, ಶಾಲೆ ಶುರುವಾಗುವುದನ್ನು ಸೆಪ್ಟೆಂಬರ್ 9ರ ತನಕ ಮುಂದೂಡುವ ಅವರ ಆದೇಶ ಮಂಡಳಿಯ ಮುಂದೆ ಹೋಯಿತು. ಹತ್ತು ಮಂದಿ ಸದಸ್ಯರು, ಅವರೂ ಚುನಾಯಿತರೇ. ಪರ ಐದು, ವಿರೋಧ ಐದು. ಆದೇಶ ಬಿದ್ದುಹೋಯಿತು.

ಒಬ್ಬರ ಸಹಿಗಿಂತ ಮಂಡಳಿಯನ್ನು ಕೇಳುವುದೇ ಲೇಸು ಅನ್ನುವವನು ನಾನು. ಆದರೆ ಮತಕ್ಕೆ ಹಾಕುವ ಮಂಡಳಿಗೆ ಸಮಸಂಖ್ಯೆಯ ಸದಸ್ಯರನ್ನು ಇಟ್ಟ ಪುಣ್ಯಾತ್ಮ ಯಾರಪ್ಪಾ! ತೀರ್ಮಾನ ಸ್ಥಳೀಯ ಶಾಲಾ ಮಂಡಳಿಗಳ ಪಾಲಾಯಿತು. ಅವುಗಳಲ್ಲಿ ಎಷ್ಟೋ ತಾವಾಗಿಯೇ ಶಾಲೆಯನ್ನು ಮುಂದೂಡಿದವು.