ಅರಮನೆ ಮೈದಾನದಾಗ ಕೇಳಿದ ತತ್ವಪದ

ಇವತ್ತು ತೊಗರಿ ಸುದ್ದಿ ಇಲ್ರಿ, ಹಾಡಿನ ಸುದ್ದಿ.

2005ರಾಗ ವನದುರ್ಗದ ನಾವು ನಾಲ್ಕು ಮಂದಿ ಬೆಂಗಳೂರಾಗ ಕಟ್ಟಡ ಕೆಲಸಕ್ಕ ಇದ್ವಿ. ಮಳಿ ಕೈಕೊಟ್ಟು ಹೊಲ ಬೀಳು ಬಿದ್ದಿತ್ತು. ನಮ್ಮ ಮಾತು ಕೇಳಿ ಅಲ್ಲಿಯವರು ನಗ್ತಿದ್ರು, ಅದಕ್ಕ ನಾ ಬಾಯಿ ಬಿಡೋದೇ ಕಡಿಮಿ ಮಾಡಿದ್ದೆ. ಏಪ್ರಿಲ್‌ನಾಗ ಅರಮನೆ ಮೈದಾನದಾಗ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಆಯ್ತು. ಸಿಮೆಂಟ್ ಮೆತ್ತಿದ ಬಟ್ಟಿಯಲ್ಲೇ ಹೋಗಿ ಎಲ್ಲರಕಿಂತ ಹಿಂದ ನಿಂತ್ವಿ. ಜನ ಅಂದ್ರ ಜಾತ್ರಿ!

ಶಿಶುನಾಳ ಶರೀಫರ ಪದ ಶುರುವಾತು ನೋಡ್ರಿ. ನಮ್ಮಪ್ಪ ದಮ್ಮಡಿ ಹಿಡಿದು ಭಜನ್ಯಾಗ ಹಾಡ್ತಿದ್ದ ಅದೇ ಪದ, ಅದೇ ನಮ್ಮ ಕಡಿ ಮಾತು. ಪಕ್ಕದ ಕಾಲೇಜು ಹುಡುಗರಿಗೆ ಬಾಯಿಪಾಠ! ಅವರಾಗ ಒಬ್ಬ ನನ್ನ ಕಡೆ ತಿರುಗಿ ಒಂದು ಶಬ್ದದ ಅರ್ಥ ಕೇಳಿದ. ಎಸ್ಸೆಸ್ಸೆಲ್ಸಿಗೇ ನಿಂತವ ನಾನು, ಹೇಳಿದೆ, ನಮ್ಮ ಮಾತಿನಾಗೇ. ಯಾರೂ ನಗಲಿಲ್ಲ.

ಅವತ್ತು ನಾ ಅತ್ತೆ ಅಂತ ಗೆಳೆಯ ಇನ್ನೂ ಹೇಳ್ತಾನ. ಅತ್ತಿದ್ದು ಅವನೇ.

ಅಶ್ವತ್ಥ್ 2009ರ ಡಿಸೆಂಬರ್ 29ಕ್ಕ ತೀರಿಕೊಂಡ್ರು, ಹುಟ್ಟಿದ ದಿನವೂ ಅದೇ. ಅಷ್ಟೊತ್ತಿಗೆ ನಾ ಊರಿಗೆ ಬಂದು ಹೊಲ ಹಿಡಿದಿದ್ದೆ. ಹಾಡು ಕೇಳಿ ಬಂದೆ ಅಂದ್ರ ಸುಳ್ಳಾಗ್ತದ. ಮಳಿ ಬಂತು, ಬಂದೆ. ಆದ್ರ ಗ್ವಾಡಿಗೆ ತೂಗಿದ್ದ ಅಪ್ಪನ ದಮ್ಮಡಿ ಕೆಳಗಿಳಿಸಿದ್ದು ಮಾತ್ರ ಆ ಹಾಡಿನಿಂದ. ಸೋಮವಾರ ಭಜನಿ ಅದ, ಬರ್ರಿ.