ಕತ್ತರಿಸಿದ ಗಾಳದ ದಾರ



ಕಳೆದ ವಾರ ಬೆಳಿಗ್ಗೆ ಗಾಜಿಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದಾಗ ಕೆನಡಾದಿಂದ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಆತ ವ್ಯಾಂಕೂವರ್ ಸಮೀಪ, ಫ್ರೇಸರ್ ನದಿಯ ದಡದ ಊರಿನಲ್ಲಿ ನೆಲೆಸಿದ್ದಾನೆ. ಬಿಡುವಿನ ದಿನಗಳಲ್ಲಿ ಪರವಾನಗಿ ಪಡೆದು ಸಾಲ್ಮನ್ ಮೀನಿಗೆ ಗಾಳ ಹಾಕುವುದು ಅವನ ಹವ್ಯಾಸ. ಅಲ್ಲಿ ನಿಯಮಗಳು ಆಗಾಗ ಬದಲಾಗುತ್ತವೆ. ಸಮುದ್ರದಿಂದ ನದಿಗೆ ಮರಳುವ ಮೀನುಗಳನ್ನು ಎಣಿಸುತ್ತಾರೆ. ಆ ಲೆಕ್ಕ ನೋಡಿ ಒಬ್ಬನು ದಿನಕ್ಕೆ ಎಷ್ಟು ಹಿಡಿಯಬಹುದೆಂದು ಗೊತ್ತುಪಡಿಸುತ್ತಾರೆ. ಮೀನು ತೀರ ಕಡಿಮೆಯಾದರೆ ಗಾಳವನ್ನೇ ನಿಲ್ಲಿಸುತ್ತಾರೆ. ಇದನ್ನೆಲ್ಲ ವಿವರಿಸಿ ಆತ ನಕ್ಕ: "ಇಲ್ಲಿ ನನ್ನ ದಾರ ಯಾರೂ ಕತ್ತರ್ಸಂಗಿಲ್ರೀ ಸರ್!"

ನನಗೆ ನಗು ಬರಲಿಲ್ಲ. ಆ ದಾರವನ್ನು ಕತ್ತರಿಸಿದವನು ನಾನೇ.

ಅದು 1988ರ ಮಾತು. ಆಗ ಆತ ಒಂಬತ್ತನೆಯ ತರಗತಿ. ಮಧ್ಯಾಹ್ನದ ಪಾಠಕ್ಕೆ ಬಾರದವನನ್ನು ಹುಡುಕುತ್ತ ಹೋದಾಗ ಅಪ್ಪನ ಕೆರೆಯ ದಂಡೆಯಲ್ಲಿ ಬಿದಿರುಕೋಲು ಹಿಡಿದು ಕುಳಿತಿದ್ದ. "ತಿನ್ಲಾಕ ಅಲ್ರೀ ಸರ್, ನೋಡಿ ಬಿಟ್ಟುಬಿಡ್ತೀನ್ರಿ" ಎಂದ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಯಾವ ದಿನ ಯಾವ ಮೀನು, ಎಷ್ಟು ಗೇಣು ಎಂದು ಬರೆದಿದ್ದ. ನಾನು ದಾರ ಕತ್ತರಿಸಿದೆ, ಆ ಹಾಳೆಗಳನ್ನೂ ಹರಿದೆ. ಮರುದಿನ ತರಗತಿಯಲ್ಲಿ, ಜೀವಹಿಂಸೆಯನ್ನು ವಿನೋದವೆಂದು ಬಗೆಯುವುದು ನಮ್ಮ ಸಂಸ್ಕೃತಿಯಲ್ಲವೆಂದು ಭಾಷಣವನ್ನೂ ಮಾಡಿದೆ.

ಆ ಮಾತು ಎಷ್ಟು ಅರೆಬರೆಯದೆಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಕಮಲಾಪುರ ದಾಟಿ ಹುಮನಾಬಾದ್ ಮಾರ್ಗವಾಗಿ ಹೋದರೆ ಸಿಗುವ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವನ್ನೇ ಇಟ್ಟಿದ್ದಾನೆ. ಮೀನಿನ ಜಾತಿಗಳು, ಅವುಗಳ ನೆಲೆ, ಅವಕ್ಕೆ ಕೊಡುವ ಆಹಾರ, ಗಾಳ, ಕೋಲು, ದಾರ ಎಲ್ಲವೂ ಅದರಲ್ಲಿವೆ. ದೊರೆ ಮಾಡಿದ್ದೆಲ್ಲ ಸರಿಯೆಂದಲ್ಲ; ಆದರೆ ಹಿಡಿಯುವವನೇ ಮೀನನ್ನು ಅಷ್ಟು ಗಮನಿಸಿ ನೋಡಿದ್ದನೆಂಬುದು ಸತ್ಯ.

ನಮ್ಮ ಕಾವೇರಿಯಲ್ಲೂ ಹೀಗೆಯೇ ನಡೆಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಶಿಬಿರಗಳಲ್ಲಿ ಹವ್ಯಾಸಿಗಳು ರಾಗಿ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಮಹಶೀರ್ ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಈ ಕುಲದ ಮೀನು ಎಷ್ಟು ದೊಡ್ಡದಾಗುತ್ತದೆಂದರೆ, 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರು ಕೆಲವರು ಈ ಶಿಬಿರಗಳಲ್ಲಿ ಮಾರ್ಗದರ್ಶಿಗಳಾಗಿ, ನದಿಯ ಕಾವಲುಗಾರರೂ ಆದರು.

ಆ ಹೊಳೆಯ ದಂಡೆ ವನ್ಯಜೀವಿಧಾಮದೊಳಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವು ಬಂದು, 2012ರ ಹೊತ್ತಿಗೆ ಅದು ನಿಂತುಹೋಯಿತು. ನಿಯಮಕ್ಕೆ ಕಾರಣವಿತ್ತು, ಬಿಟ್ಟ ಮೀನಿಗೂ ನೋವಾಗಿಯೇ ಇರುತ್ತದೆ. ಆದರೆ ಗಾಳದ ಜೊತೆಗೆ ಕಾವಲುಗಾರರ ದುಡಿಮೆಯೂ, ಲೆಕ್ಕದ ಪುಸ್ತಕವೂ ಹೋದವು. ಸ್ಫೋಟಕ ಎಸೆದು ಮೀನು ಕೊಲ್ಲುವವರನ್ನು ನೋಡುವ ಕಣ್ಣುಗಳು ಕಡಿಮೆಯಾದವೆಂದು ಬಲ್ಲವರು ಎಚ್ಚರಿಸಿದರು.

ಆ ಪುಸ್ತಕದ ಬೆಲೆ ಆಮೇಲೆ ತಿಳಿಯಿತು. 1998ರಿಂದ 2012ರವರೆಗೆ ಗಾಳಿಬೋರೆಯ ಹವ್ಯಾಸಿಗಳು ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಒಟ್ಟು ಮಹಶೀರ್ ಹೆಚ್ಚುತ್ತಿದ್ದರೂ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತಿರುವುದು ಕಂಡಿತು. ಹೆಚ್ಚುತ್ತಿದ್ದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ದಡದಿಂದ ನೋಡಿದವರಿಗೆ ನದಿ ತುಂಬಿದಂತೆಯೇ ಕಾಣುತ್ತಿತ್ತು! ಗೂನುಬೆನ್ನಿನ ಮೀನಿಗೆ 'ಟಾರ್ ರೆಮಾದೇವಿಯೈ' ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು.

ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ. ಮಿತಿ ಇರಬೇಕು, ಕೆಲವೆಡೆ ಪೂರ್ಣ ತಡೆಯೂ ಬೇಕು. ಆದರೆ ಒಂದನ್ನು ನಿಲ್ಲಿಸುವಾಗ, ನಾಳೆಯಿಂದ ಆ ಮೀನನ್ನು ನೋಡುವವರು, ಎಣಿಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು. ಅಂದು ಕೆರೆಯ ದಂಡೆಯಲ್ಲಿ ನಾನು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಪಾಠ ತಪ್ಪಿಸಿದ್ದಕ್ಕೆ ದಂಡಿಸಬಹುದಿತ್ತು, ಹಾಳೆಗಳನ್ನು ಹರಿಯಬೇಕಾಗಿರಲಿಲ್ಲ.

ಕರೆ ಮುಗಿಯುವ ಮುನ್ನ ಅದನ್ನೇ ಆತನಿಗೆ ಹೇಳಿದೆ. ಕ್ಷಣಕಾಲ ಸುಮ್ಮನಿದ್ದು, "ಇರ್ಲಿ ಬಿಡ್ರೀ ಸರ್, ನಾ ಈಗೂ ಬರೀತೀನ್ರಿ" ಎಂದ. ಅಪ್ಪನ ಕೆರೆಯಲ್ಲಿ ಆಗ ಯಾವ ಯಾವ ಮೀನುಗಳಿದ್ದವು ಎಂದು ಕೇಳಿದೆ. ಆತ ಹೇಳುತ್ತ ಹೋದ. ಈ ಬಾರಿ ನಾನು ಬರೆದುಕೊಂಡೆ.