ಶಾಖದ ಏತ

ಇಷ್ಟಲಿಂಗಪೂಜೆಗೆ ಮುನ್ನ ಮೀಯುವುದು ನಮ್ಮ ಮನೆಗಳಲ್ಲಿ ಹಿರಿಯರಿಂದ ನಡೆದುಬಂದ ರೂಢಿ. ಆದುದರಿಂದ ಲಿಂಗಾಯತ ಗೃಹಸ್ಥನ ದಿನದ ಮೊದಲ ವೆಚ್ಚ ಅಡುಗೆಮನೆಯಲ್ಲಲ್ಲ, ಬಚ್ಚಲಿನಲ್ಲಿ ಆರಂಭವಾಗುತ್ತದೆ. ನಾನು ಓದಿದ ಮಠದಲ್ಲಿ ಎರಡು ದೊಡ್ಡ ತಾಮ್ರದ ಹಂಡೆಗಳಿದ್ದವು. ಹತ್ತಿಕಟ್ಟಿಗೆ, ಜೋಳದ ಕೂಳೆ, ತೆಂಗಿನ ಗರಿ, ಸಿಕ್ಕಿದ್ದೆಲ್ಲವೂ ಅವುಗಳ ಒಲೆಗೆ ಸಲ್ಲುತ್ತಿತ್ತು. ಅಂದು ಹೊಗೆ ಬರುತ್ತಿತ್ತು, ಬಿಲ್ಲು ಬರುತ್ತಿರಲಿಲ್ಲ. ಇಂದು ಹೊಗೆ ಹೋಗಿ ಬಿಲ್ಲು ಬಂದಿದೆ. ಗೋಡೆಗೆ ತೂಗುಹಾಕಿದ ಗೀಸರು ನೋಡಲು ಸಾಧುವಾಗಿದ್ದರೂ ಅದರ ಹಸಿವು ದೊಡ್ಡದು.

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಯುನಿಟ್ ವಿದ್ಯುತ್ತಿನಿಂದ ದೊರೆಯುವುದು 860 ಕಿಲೋಕ್ಯಾಲರಿ. ಧಾರವಾಡದ ನಮ್ಮ ಮನೆಯಲ್ಲಿ ಏಳು ಜನರಿಗೆ ದಿನಕ್ಕೆ 200 ಲೀಟರ್ ಬಿಸಿನೀರು ಬೇಕು. 22 ಡಿಗ್ರಿಯ ನೀರನ್ನು 50 ಡಿಗ್ರಿಗೆ ಏರಿಸಲು 5,600 ಕಿಲೋಕ್ಯಾಲರಿ, ಎಂದರೆ ಆರೂವರೆ ಯುನಿಟ್, ತಿಂಗಳಿಗೆ 195. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಿತಿಯೇ 200 ಯುನಿಟ್ ಎಂಬುದನ್ನು ನೆನೆದರೆ, ದೀಪ ಹಚ್ಚುವ ಮೊದಲೇ ಬಚ್ಚಲು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂಬುದು ತಿಳಿಯುತ್ತದೆ. ನಮ್ಮ ಬಳಕೆ ಆ ಮಿತಿಯನ್ನು ಮೊದಲೇ ಮೀರಿದ್ದುದರಿಂದ ಪ್ರತಿ ಯುನಿಟ್ಟಿಗೂ ಹಣ ತೆರುತ್ತಿದ್ದೆವು.

ತೊಂಬತ್ತರ ಸಮೀಪದಲ್ಲಿರುವ ತಾಯಿಯವರಿಗೆ ಈ ಸಂಗತಿ ಹೇಗೋ ಗೊತ್ತಾಗಿ, ಮಾಗಿಯ ಚಳಿಯಲ್ಲಿಯೂ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸತೊಡಗಿದರು. ಮೊಣಕಾಲು ನೋವಿನವರಿಗೆ ಬಿಸಿನೀರು ವಿಲಾಸವಲ್ಲ. ಮನೆಯ ಉಳಿತಾಯ ಹಿರಿಯರ ಮೈಮೇಲೆ ನಡೆಯಬಾರದೆಂದು ನಾನು ಮಗನಿಗೆ ಹೇಳಿದೆ. ಅವನು ಹೀಟ್ ಪಂಪ್ ಯಂತ್ರದ ವಿಚಾರವನ್ನು ಎತ್ತಿದ್ದು ಆಗಲೇ.

ಈ ಯಂತ್ರವನ್ನು ನಾನು ಶಾಖದ ಏತವೆಂದು ಕರೆಯುತ್ತೇನೆ. ಏತವು ನೀರನ್ನು ಸೃಷ್ಟಿಸುವುದಿಲ್ಲ, ಬಾವಿಯೊಳಗಿನದನ್ನು ಮೇಲಕ್ಕೆತ್ತುತ್ತದೆ. ಹಾಗೆಯೇ ಇದು ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ಸುರಿಯುತ್ತದೆ. ಅತಿ ತಣ್ಣನೆಯ ದ್ರವವೊಂದು ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿದಾಗ ಅದು ಸುಡುವಷ್ಟು ಬಿಸಿಯಾಗುತ್ತದೆ. ತೊಟ್ಟಿಯ ನೀರಿಗೆ ಶಾಖವನ್ನೊಪ್ಪಿಸಿ ಮತ್ತೆ ದ್ರವವಾಗಿ ಮರಳುತ್ತದೆ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದನ್ನು ಮುಟ್ಟಿ ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಈ ತತ್ತ್ವದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ತೋರಿಸಿದ್ದನು. ಗೀಸರು ಒಂದು ಯುನಿಟ್ಟಿಗೆ ಒಂದು ಯುನಿಟ್ಟಿನ ಶಾಖವನ್ನಷ್ಟೇ ಕೊಡಬಲ್ಲುದು. ಇದು ನಮ್ಮ ಹವೆಯಲ್ಲಿ ಸುಮಾರು ಮೂರು ಯುನಿಟ್ಟಿನಷ್ಟು ಕೊಡುತ್ತದೆ. ನಮ್ಮ 195 ಯುನಿಟ್ 65ಕ್ಕೆ ಇಳಿಯುವುದು ಹೀಗೆ.

ಬಾವಿ ಆಳವಾದಷ್ಟೂ ಏತದ ಶ್ರಮ ಹೆಚ್ಚು. ಬೆಳಗಿನ ಐದು ಗಂಟೆಯ ಗಾಳಿ ಆಳವಾದ ಬಾವಿ. ಮಧ್ಯಾಹ್ನ ಎರಡರ ಗಾಳಿ ಕೈಗೆಟಕುವ ನೀರು. ಆದಕಾರಣ ಯಂತ್ರವನ್ನು ಮಧ್ಯಾಹ್ನ ನಡೆಯಿಸಿ, ದಪ್ಪ ಹೊದಿಕೆಯುಳ್ಳ ತೊಟ್ಟಿಯಲ್ಲಿ ಬೆಳಗಿನವರೆಗೆ ಕಾಯ್ದಿಡುವುದೇ ಜಾಣತನ. ಇದು ಗೀಸರಿನಂತೆ ಕಾಲು ಗಂಟೆಯಲ್ಲಿ ಕಾಯಿಸಿ ಕೊಡುವುದಿಲ್ಲ, ಗಂಟೆಗಟ್ಟಲೆ ಬೇಕು. ಉಷ್ಣತೆಯನ್ನು 50 ಡಿಗ್ರಿಗೆ ಇಟ್ಟರೆ ಸ್ನಾನಕ್ಕೆ ಧಾರಾಳವಾಯಿತು. ನಿಂತ ನೀರಿನಲ್ಲಿ ರೋಗಾಣು ಬೆಳೆಯದಂತೆ ವಾರಕ್ಕೊಮ್ಮೆ 60ಕ್ಕೆ ಏರಿಸಬೇಕು.

ಇನ್ನು ಹಣದ ಮಾತು. ಯುನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ ತಿಂಗಳಿಗೆ 780 ರೂಪಾಯಿ ಉಳಿಯುತ್ತದೆ. ಬೇಸಿಗೆಯಲ್ಲಿ ಬಿಸಿನೀರಿನ ಬಳಕೆ ತಗ್ಗುವುದನ್ನು ಕಳೆದರೆ ವರ್ಷಕ್ಕೆ 7,000 ಎನ್ನೋಣ. ಯಂತ್ರದ ಬೆಲೆ ಗೀಸರಿಗಿಂತ 50,000 ರೂಪಾಯಿ ಹೆಚ್ಚಾದರೂ ಏಳು ವರ್ಷಗಳಲ್ಲಿ ಹಣ ಮರಳುತ್ತದೆ. ಇಬ್ಬರೇ ಇರುವ ಮನೆಯಲ್ಲಿ 50 ಲೀಟರಿನ ಮೇಲೆ ತಿಂಗಳಿಗೆ ಉಳಿಯುವುದು 200 ರೂಪಾಯಿ ಮಾತ್ರ. ಅದೇ ಬಂಡವಾಳ ಮರಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು, ಅಷ್ಟರೊಳಗೆ ಯಂತ್ರವೇ ಸವೆದಿರುತ್ತದೆ. ಅಂಥವರು ಇದರ ಗೊಡವೆಗೆ ಹೋಗಬಾರದು. ಪ್ರಸಾದನಿಲಯ, ಕೂಡುಕುಟುಂಬ, ಕಲ್ಯಾಣಮಂಟಪಗಳಿಗೆ ಇದು ಹೇಳಿಮಾಡಿಸಿದ್ದು. ಮಾಳಿಗೆಯ ಮೇಲೆ ಸೌರಫಲಕವಿದ್ದು ಸರಿಯಾಗಿ ನಡೆಯುತ್ತಿದ್ದರೆ ಅದನ್ನು ಕೀಳುವುದು ಅವಿವೇಕ. ಬಿಸಿಲಿಗಿಂತ ಅಗ್ಗವಾದುದು ಯಾವುದೂ ಇಲ್ಲ. ಮಾಳಿಗೆಯ ಹಕ್ಕಿಲ್ಲದ ಅಪಾರ್ಟ್‌ಮೆಂಟಿನವರಿಗೂ, ಆಷಾಢ ಶ್ರಾವಣಗಳಲ್ಲಿ ಸೂರ್ಯನ ಮುಖವನ್ನೇ ಕಾಣದ ಮಲೆನಾಡಿನ ಸೆರಗಿನವರಿಗೂ ಈ ಮಾತು ಅನ್ವಯಿಸದು.

ತಾಯಿಯವರು ಈಗ ಬಿಲ್ಲಿನ ವಿಚಾರ ಕೇಳುವುದಿಲ್ಲ. ಯಂತ್ರದ ಸದ್ದನ್ನು ಮಾತ್ರ ಆಕ್ಷೇಪಿಸುತ್ತಾರೆ. ಅವರ ಕೋಣೆಯ ಕಿಟಕಿಯಿಂದ ಅದನ್ನು ಹಿತ್ತಲಿಗೆ ಸರಿಸಬೇಕಾಯಿತು. ಗಾಳಿಯಾಡದ ಬಚ್ಚಲಿನೊಳಗೆ ಇಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ತಾನೇ ಸೇವಿಸಿ ಸೊರಗುತ್ತದೆಯಾದ್ದರಿಂದ ಹಿತ್ತಲೇ ಯೋಗ್ಯ ಸ್ಥಳವೂ ಹೌದು. ಗಡಸು ನೀರಿನ ಕೊಳವೆಬಾವಿಯುಳ್ಳ ಊರಿನವರು ತೊಟ್ಟಿಯೊಳಗೆ ಕಟ್ಟುವ ಸುಣ್ಣದ ಹಳಕನ್ನು ಆಗಾಗ ತೆಗೆಯಿಸಬೇಕು. ತುಕ್ಕನ್ನು ತಡೆಯಲು ಒಳಗಿಟ್ಟಿರುವ ಆನೋಡ್ ಎಂಬ ಲೋಹದ ಕಡ್ಡಿಯನ್ನೂ ಸವೆದಾಗ ಬದಲಾಯಿಸಬೇಕು. ಕೊಳ್ಳುವ ಮೊದಲು, ನಿಮ್ಮ ಊರಿನಲ್ಲಿ ಇದನ್ನು ಬಿಚ್ಚಿ ಜೋಡಿಸಬಲ್ಲವರು ಯಾರಿದ್ದಾರೆಂದು ಅಂಗಡಿಯಾತನನ್ನು ಕೇಳಿ ತಿಳಿಯಿರಿ.